ಗೆರೆಯ ಮೇಲಿನ ಕಡ್ಡಿ

ನಾನು ಓದಿದ್ದು ಬಿ.ಕಾಂ. ಕರುಳಿನ ಬಗ್ಗೆ
ನನಗೆ ತಿಳಿದದ್ದು ಹಸಿವು, ಮತ್ತೆ
ಕರುಳಬಳ್ಳಿ ಅನ್ನುವ ಒಂದು ಮಾತು.
ಮಡಿಕೇರಿ ಆಸ್ಪತ್ರೆಯ ಎರಡನೇ ಮಹಡಿ, ಮೂಲೆಯ ಮೇಜು,
ಒಂದು ಫೋನು, ಅರವತ್ತೆರಡು ಹೆಸರಿನ ಪಟ್ಟಿ.
ನನ್ನ ಕೆಲಸ: ಆರು ತಿಂಗಳಿಗೊಮ್ಮೆ ಕರೆ ಮಾಡಿ
ಇದ್ದೀರಾ ಎಂದು ಕೇಳದೆ
ಇದ್ದಾರಾ ಎಂದು ತಿಳಿಯುವುದು.

ಪಕ್ಕದ ಕೋಣೆಯ ಕಪಾಟಿನಲ್ಲಿ ಅವರದೇ ಅರವತ್ತೆರಡು ಚೂರು,
ದೊಡ್ಡಕರುಳಿನಿಂದ ಕೊಯ್ದದ್ದು, ಮೇಣದೊಳಗೆ ನಿಂತದ್ದು,
ಉಗುರಿನಷ್ಟು. ಅವಕ್ಕೆ ಹಸಿವಿಲ್ಲ, ಫೋನಿಲ್ಲ.
ಅದರೊಳಗಿಂದ ಡಾಕ್ಟರು ದೇಚಮ್ಮ
ಒಂದು ಆರ್‌ಎನ್‌ಎ ಹೆಕ್ಕಿ ಅಳೆಯುತ್ತಾರೆ.
ಪ್ರೋಟೀನು ಕಟ್ಟದ ಜಾತಿಯದಂತೆ.
ಬಹಳ ವರ್ಷ ಕಸವೆಂದೇ ಬಗೆದಿದ್ದರಂತೆ.

'ಮದುವೆಮನೆಯಲ್ಲಿ ಅರುವ ಇರುತ್ತಾರಲ್ಲ,'
ಅಂದರು ಒಮ್ಮೆ, ಕಾಫಿ ಹೊತ್ತಲ್ಲಿ,
'ಹಂದಿ ಕೊಯ್ಯುವುದಿಲ್ಲ, ಅಕ್ಕಿ ತೊಳೆಯುವುದಿಲ್ಲ,
ವಾಲಗಕ್ಕೆ ಕುಣಿಯಲೇಬೇಕೆಂದೂ ಇಲ್ಲ.
ಆದರೂ ಅವರು ಸಂಬಂಧದ ಮಾತು ಆಡುವ ತನಕ
ಹೆಣ್ಣು ಹೊಸಿಲು ದಾಟುವುದಿಲ್ಲ.
ಇದೂ ಹಾಗೆ. ತಾನೇನೂ ಮಾಡುವುದಿಲ್ಲ,
ಯಾವುದು ನಡೀಬೇಕು, ಯಾವುದು ಬೇಡ, ಹೇಳುತ್ತೆ.
ಕೆಲವರಲ್ಲಿ ಅತಿಯಾಗಿ ಹೇಳುತ್ತೆ. ಅಂಥವರು
ಬೇಗ ಹೋಗುತ್ತಾರಾ, ಅದು ನೋಡಬೇಕು.'

ಅದು ನೋಡುವ ಕಣ್ಣು ನನ್ನ ಕಿವಿ.

ಹದಿನೇಳು: ಸಿದ್ದಾಪುರ, ಜೀಪು ರಿಪೇರಿಯ ಮೊಯ್ದು.
ಮೊಮ್ಮಗ ಎತ್ತಿದ. 'ಉಪ್ಪಾಪ ಮಲಗಿದ್ದಾರೆ.'
ನನ್ನ ಪೆನ್ನು ನಿಂತಿತು. 'ಜೀಪಿನಡಿ,' ಎಂದ,
ಹಿಂದೆಯೇ ಸ್ಪ್ಯಾನರ್ ಬಿದ್ದ ಸದ್ದು.
ಇದ್ದಾರೆ.

ಇಪ್ಪತ್ತೆರಡು: ನಾಪೋಕ್ಲು, ಹಾಕಿ ಅಂಪೈರ್ ಪೆಮ್ಮಯ್ಯ.
'ವಿಶಲ್ ಇನ್ನೂ ಊದಿಲ್ಲಮ್ಮ' ಎಂದು ನಕ್ಕರು;
ನಗು ಕೆಮ್ಮಿಗೆ ತಿರುಗಿ, ಬಹಳ ಹೊತ್ತು ವಾಪಸು ಬರಲಿಲ್ಲ.
ಇದ್ದಾರೆ. ಕೆಮ್ಮಿಗೆ ಪಟ್ಟಿಯಲ್ಲಿ ಜಾಗವಿಲ್ಲ.

ಒಂಬತ್ತು: ನಾನು ಯಾರೆಂದು ಹೇಳುವ ಮೊದಲೇ
ಹೆಂಡತಿ ಹೇಳಿದರು,
'ಪುತ್ತರಿ ಕಳೆದು ಮೂರನೇ ದಿನ. ಬರಕೊಳ್ಳಿ.'
ಬರಕೊಂಡೆ. ಥ್ಯಾಂಕ್ಸ್ ಎಂದುಬಿಟ್ಟೆ.

ಸಂಜೆ ಡಾಕ್ಟರ ಪರದೆಯ ಮೇಲೆ ಎರಡು ಗೆರೆ,
ಅದು ಕಡಿಮೆ ಇದ್ದವರದು, ಹೆಚ್ಚಿದ್ದವರದು.
ಯಾರಾದರೂ ತೀರಿದರೆ ಗೆರೆ ಒಂದು ಮೆಟ್ಟಿಲು ಇಳಿಯುತ್ತದೆ.
ಹೆಚ್ಚಿದ್ದವರದು ಅಬ್ಬಿಗೆ ಇಳಿಯುವ ಹಾಗೆ ಕಡಿದು,
ಹಿಡಿಯಲು ಕಂಬಿಯಿಲ್ಲ.
ಗೆರೆಯ ಮೇಲೆ ಅಲ್ಲಲ್ಲಿ ನೆಟ್ಟಗಿನ ಸಣ್ಣ ಕಡ್ಡಿ.
'ಇವು?' 'ಬರುವುದು ಬಿಟ್ಟವರು. ಅಲ್ಲಿಯ ತನಕ ಇದ್ದರು
ಅಂತಷ್ಟೇ ಗೊತ್ತು.'

ನಲವತ್ತೊಂದು ಅಂಥ ಕಡ್ಡಿ.
ಮುತ್ತಿ, ಪಾಲಿಬೆಟ್ಟದಾಚೆಯ ಲೈನ್‌ಮನೆ, ವಯಸ್ಸು ಸುಮಾರು ಐವತ್ತು.
ಅರವತ್ತೆರಡರಲ್ಲಿ ಅತಿ ದೊಡ್ಡ ಅಂಕಿ ಅವಳದು.
ಕೊಟ್ಟಿದ್ದ ನಂಬರು ಎಸ್ಟೇಟ್ ರೈಟರದು.
'ಮೆಣಸು ಕುಯ್ಲು ಮುಗೀತು, ಹೋದರು.
ಎಲ್ಲಿಗೆ ಅಂತ ಯಾರು ಕೇಳ್ತಾರೆ?'

ಸಮ್ಮತಿಪತ್ರಕ್ಕೆ ಹೆಬ್ಬೆಟ್ಟು ಒತ್ತಿದ ದಿನ
ಶಾಯಿ ಸೆರಗಿಗೆ ಒರೆಸುತ್ತ ಕೇಳಿದ್ದಳು:
'ನನ್ ತುಂಡು ಇಲ್ಲೇ ಇರ್ತದಾ? ಹಾಳಾಗಲ್ವಾ?'
ಆಗಲ್ಲ, ಮೇಣದಲ್ಲಿ ಇಡ್ತೇವೆ, ಎಂದಿದ್ದೆ.
'ಹಾಗಾದ್ರೆ ನಾನು ಹೋದ್ರೂ ಆಯ್ತು.'
ಮನೆಗೆ ಎಂದಿರಬೇಕು.

ಮೊನ್ನೆ ಶುಕ್ರವಾರ, ಸಂತೆಗೆಂದು ಚೀಲ ಎತ್ತಿಕೊಂಡಾಗ
ಮೇಜಿನ ಫೋನು ಒಂದೇ ಸಲ ಬಡಿದು ನಿಂತಿತು.
ಗುರುತಿಲ್ಲದ ನಂಬರು. ತಿರುಗಿ ಮಾಡಿದೆ.
ಸ್ವಿಚ್ ಆಫ್ ಆಗಿದೆಯೆಂದು ಮಲಯಾಳದಲ್ಲಿ ಹೇಳಿತು.
ದುಡ್ಡು ಕಳೆಯದ, ಮಾತಾಡದ ಕರೆ.
ನಮ್ಮಲ್ಲಿ ಅದಕ್ಕೆ ಬಸ್ಸು ಇಳಿದೆ ಅಂತಲೂ ಅರ್ಥ,
ನೀನೇ ಮಾಡು ಅಂತಲೂ,
ಏನಿಲ್ಲ, ಸುಮ್ಮನೆ, ಅಂತಲೂ.

ಯಾರದೋ ಕೈತಪ್ಪಿರಬಹುದು.
ಪಟ್ಟಿಗೆ ಮೂರೇ ಕಲಂ: ಇದ್ದಾರೆ, ಇಲ್ಲ, ತಿಳಿಯದು.
ಚೀಲ ಕೆಳಗಿಟ್ಟು, ಪೆನ್ಸಿಲು ಹುಡುಕಿ,
ನಲವತ್ತೊಂದರ ಎದುರು, ಹಾಳೆಯ ಅಂಚಿನಲ್ಲಿ,
ಆ ನಂಬರು ಬರೆದೆ. ಹತ್ತೂ ಅಂಕಿ.